ನಾಲ್ಕು ಬೆರಳು ಬಟ್ಟೆ

ನಮ್ಮಪ್ಪ ಶಹಾಬಾದಿನಲ್ಲಿ ಟೇಲರ್. ಶಾಲೆ ಹುಡುಗರ ಯೂನಿಫಾರ್ಮ್ ಹೊಲಿಯುವಾಗ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಒಳಗೆ ಮಡಚುತ್ತಿದ್ದ. ಹುಡುಗ ಬೆಳೆದ ಹಾಗೆ ಅದನ್ನು ಬಿಚ್ಚಿ ಇಳಿಸಿದರೆ ಒಂದು ಪ್ಯಾಂಟು ಮೂರು ವರ್ಷ ಬರುತ್ತಿತ್ತು.

ಸ್ಕಾಲರ್‌ಶಿಪ್ ಸಿಕ್ಕು ನಾನು ಫ್ಯಾಶನ್ ಡಿಸೈನ್ ಓದಲು ವಿದೇಶಕ್ಕೆ ಹೋದೆ. ಮೊದಲ ಪರೀಕ್ಷೆಗೆ ಒಂದು ಫ್ರಾಕು ಹೊಲಿದಾಗ ನನ್ನ ಕೈ ತಾನಾಗಿಯೇ ನಾಲ್ಕು ಬೆರಳು ಬಿಟ್ಟಿತ್ತು. ಮೇಡಂ ಅದನ್ನು ತಿರುವಿ ಹಾಕಿ ಇಡೀ ಕ್ಲಾಸಿಗೆ ತೋರಿಸಿ, ಇದು ಬಟ್ಟೆ ದಂಡ ಮಾಡುವ ಕೆಲಸ, ಹಳ್ಳಿ ಟೇಲರ್‌ನ ಕೈ ಅಂದರು. ಹೌದು, ನಮ್ಮಪ್ಪನದೇ ಕೈ ಅನ್ನಬೇಕಿತ್ತು. ಸಾರಿ ಅಂದೆ. ಅವರೆದುರಿಗೇ ಕತ್ತರಿ ತಗೊಂಡು ಹೆಚ್ಚಿನ ಬಟ್ಟೆ ಕತ್ತರಿಸಿ ಬಿಸಾಕಿದೆ.

ಕೊನೆಯ ವರ್ಷ ಅದೇ ಮೇಡಂ ಮಕ್ಕಳ ಉಡುಪುಗಳ ಪ್ರದರ್ಶನ ಇಟ್ಟರು. ಮಗುವಿನ ಜೊತೆ ತಾನೂ ಬೆಳೆಯುವ ಬಟ್ಟೆಯಂತೆ. ಅಂಚು ಬಿಚ್ಚಿ ತೋರಿಸಿದರು, ಒಳಗೆ ಎರಡು ಬೆರಳು ಬಟ್ಟೆ ಇತ್ತು. ಭೂಮಿ ಉಳಿಸುವ ಹೊಸ ವಿಚಾರ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲ್ಲು ಕಚ್ಚಿಕೊಂಡು ನಾನೂ ತಟ್ಟಿದೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನಿಗೆ ಸಿಟ್ಟೇ ಬರಲಿಲ್ಲ.

“ಎಷ್ಟು ಬಟ್ಟಿ ಬಿಟ್ಟಾರವ್ವಾ?”

“ಎರಡು ಬೆರಳು.”

“ಬೆಳಿಯೋ ಹುಡುಗರಿಗಿ ಎರಡು ಎಲ್ಲಿ ಸಾಕಾಗ್ತದ? ನಾಕು ಬೇಕು. ಪಾಪ, ಅವರಿಗಿ ಗೊತ್ತಿಲ್ಲ ಕಾಣಸ್ತದ, ನೀ ಹೇಳು.”

ನಾನು ಹೇಳಲಿಲ್ಲ. ಉಳಿದ ಎರಡು ಬೆರಳಾದರೂ ನಮ್ಮಪ್ಪನದಾಗಿಯೇ ಇರಲಿ.