ಹಿಕ್ಸ್‌ವಿಲ್ಲಿಗೆ ಹೊತ್ತೊಯ್ದ ಐದು ಸೀಡಿಗಳು

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ನಾವು ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನ ಮನೆ ಬಿಟ್ಟೆವು. ನೀರು ಹೆಪ್ಪುಗಟ್ಟಲು ಇನ್ನೆರಡೇ ಡಿಗ್ರಿ ಬಾಕಿ ಇದ್ದಂಥ ಚಳಿ. ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಪಿರಿಪಿರಿ ಸುರಿಯುತ್ತಿತ್ತು. ನನ್ನ ಕೈಯಲ್ಲಿ ಚಪಾತಿ, ಶೇಂಗಾ ಚಟ್ನಿಯ ಚೀಲ. ನನ್ನ ಗಂಡ ನಾಗಭೂಷಣ ಅವರ ತೋಳಿನಲ್ಲಿ, ಸ್ನಾನದ ಟವೆಲ್ಲಿನಲ್ಲಿ ಸುತ್ತಿದ, ಎಂಟು ದಪ್ಪ ಬ್ಯಾಟರಿ ತುಂಬಿದ ಹಳೆಯ ಸೀಡಿ ಪ್ಲೇಯರ್. ಒಳಜೇಬಿನಲ್ಲಿ ಒಂದರಿಂದ ಐದರವರೆಗೆ ಅಂಕಿ ಬರೆದ ಐದು ಸೀಡಿಗಳು. ಐದರಲ್ಲೂ ಒಂದೇ ಹಾಡು. ನ್ಯೂಯಾರ್ಕ್ ನಗರದಾಚೆ ಲಾಂಗ್ ಐಲೆಂಡಿನ ಹಿಕ್ಸ್‌ವಿಲ್ಲಿಗೆ ಹೋಗಿ, ಎಂಬತ್ತು ದಾಟಿದ ಒಬ್ಬ ಹವಾಯಿಯ ಮುದುಕಿಗೆ ಆ ಒಂದೇ ಹಾಡನ್ನು ಐದು ಸಲ ಕೇಳಿಸಿ ಬರುವುದು ನಮ್ಮ ಪ್ರವಾಸದ ಉದ್ದೇಶ.

ಕಾರಿನಲ್ಲಿ ಹೋದರೆ ಅರವತ್ತು ಮೈಲಿಗೆ ಸ್ವಲ್ಪ ಕಡಿಮೆ. ಆದರೆ ಇವರ ಕಣ್ಣಿನ ಪೊರೆ ತೆಗೆದು ಹತ್ತೇ ದಿನವಾಗಿತ್ತು, ನಾನು ಹೈವೇಯಲ್ಲಿ ಡ್ರೈವ್ ಮಾಡುವವಳಲ್ಲ. ಇನ್ನೆರಡು ವಾರ ತಡೆಯಿರಿ ಎಂದು ಧಾರವಾಡದ ನನ್ನ ಭಾಷೆಯಲ್ಲೂ ಮೈಸೂರಿನ ಅವರ ಭಾಷೆಯಲ್ಲೂ ಹೇಳಿ ನೋಡಿದೆ.

“ಎಂಬತ್ತು ದಾಟಿದೋರಿಗೆ ಎರಡು ವಾರ ಅಂದ್ರೆ ಏನು ಗೊತ್ತೇನೇ ವತ್ಸಲಾ?” ಎಂದರು.

“ಎಪ್ಪತ್ತಕ್ಕ ಬಂದವರಿಗೆ ನ್ಯುಮೋನಿಯಾ ಅಂದ್ರ ಏನು ಅಂತ ಗೊತ್ತದ ಏನ್ರೀ ನಿಮಗ?” ಎಂದೆ. ಅವರು ಟವೆಲ್ ಹುಡುಕಲು ಹೋದರು.

ಸೌತ್ ಆಂಬಾಯ್ ನಿಲ್ದಾಣದವರೆಗೆ ಒಳರಸ್ತೆಯಲ್ಲಿ ನಾನೇ ಕಾರು ಓಡಿಸಿ, ಅಲ್ಲೇ ನಿಲ್ಲಿಸಿ ರೈಲು ಹತ್ತಿದೆವು. ಹಿರಿಯರಿಗೆ ಅರ್ಧ ಟಿಕೆಟ್. ಆದರೆ ವಯಸ್ಸು ತೋರಿಸುವ ಕಾರ್ಡು ಟವೆಲ್ಲಿನ ಗಂಟಿನ ಕೆಳಗಿನ ಕೋಟಿನ ಕೆಳಗಿನ ಸ್ವೆಟರಿನ ಜೇಬಿನಲ್ಲಿತ್ತು. ಕಂಡಕ್ಟರ್ ಮಹಾಶಯ ಇವರ ತಲೆಯ ಬಿಳಿಕೂದಲನ್ನು ಒಮ್ಮೆ ನೋಡಿ, “ಬೇಡ ಬಿಡಿ, ನಂಬಿದೆ” ಎಂದು ಮುಂದೆ ಹೋದ. ಹಡ್ಸನ್ ನದಿಯ ಸುರಂಗದ ಮುಂದೆ ರೈಲು ಇಪ್ಪತ್ತು ನಿಮಿಷ ಸುಮ್ಮನೆ ನಿಂತಿತು. ಕಿಟಕಿಯಾಚೆ ಜೌಗುನೆಲ, ಒಣಗಿದ ಜೊಂಡು, ಒಂದು ಒಂಟಿ ಬೆಳ್ಳಕ್ಕಿ. ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್ನಿನಲ್ಲಿ ಇಳಿದು, ಲಾಂಗ್ ಐಲೆಂಡಿನ ಗಾಡಿಗಳ ಕಡೆ ಓಡುವಾಗ ಎಸ್ಕಲೇಟರಿನ ಬಾಯಲ್ಲೇ ಇವರು ನಿಂತು, ಭಾರವನ್ನು ಎಡತೋಳಿನಿಂದ ಬಲತೋಳಿಗೆ ಬದಲಿಸಿಕೊಂಡರು. ಹಿಂದಿದ್ದ ಜನ ಏನೆಂದರೋ ಇಲ್ಲಿ ಬರೆಯುವಂತಿಲ್ಲ. ನಮ್ಮ ಗಾಡಿ ಹೋಯಿತು. ಮುಂದಿನದಕ್ಕೆ ಅರ್ಧ ಗಂಟೆ ಕಾದೆವು.

ಆ ಗಾಡಿಯಲ್ಲಿ ಎದುರಿಗೆ ಕೂತಿದ್ದ ಇಪ್ಪತ್ತರ ಹುಡುಗಿಯೊಬ್ಬಳು ನಮ್ಮ ಜಗಳ ಕೇಳಿ ಕಿವಿಯಿಂದ ಇಯರ್‌ಫೋನ್ ತೆಗೆದಳು. “ಆಂಟಿ, ನೀವು ಕನ್ನಡಾನಾ? ನಮ್ಮ ಮನೆ ನ್ಯೂಜೆರ್ಸಿ, ಪಾರ್ಸಿಪನಿ. ಇಲ್ಲಿ ಕಾಲೇಜಿಗೆ ಹೋಗ್ತೀನಿ,” ಎಂದಳು. ಮಾತು ತಡವರಿಸಿದರೂ ಕನ್ನಡವೇ. ಟವೆಲ್ಲನ್ನು ನೋಡಿ, “ಅದು ಪಾಪು ಅಂದ್ಕೊಂಡಿದ್ದೆ,” ಎಂದಳು.

ಇವರು ಹೆಮ್ಮೆಯಿಂದ ಟವೆಲ್ ಬಿಚ್ಚಿ ತೋರಿಸಿದರು.

“ಓ ಮೈ ಗಾಡ್, ಸೀಡಿ! ಅಂಕಲ್, ಒಂದು ಲಿಂಕ್ ಕಳಿಸಿದ್ರೆ ಆಗ್ತಿತ್ತಲ್ಲ?”

ಹದಿನಾಲ್ಕು ದಿನಗಳಿಂದ ನಾನು ಕೇಳುತ್ತಿದ್ದ ಪ್ರಶ್ನೆಯೇ ಅದು. ನನಗೆ ಒಂದು ಗದರಿಕೆ ಸಿಕ್ಕಿತ್ತು; ಅವಳಿಗೆ ಇಡೀ ಕತೆ ಸಿಕ್ಕಿತು.

ಇವರು ಅಮೆರಿಕಕ್ಕೆ ಬಂದಾಗ ಸೀಡಿ ಎಂಬುದು ಹೊಸ ವಸ್ತು. ಜನ ಪ್ಲೇಯರ್ ಕೊಂಡುಬಿಟ್ಟಿದ್ದರು, ಅದಕ್ಕೆ ಹಾಕಲು ಅಂಗಡಿಗಳಲ್ಲಿ ಸೀಡಿಗಳು ಸಾಲುತ್ತಿರಲಿಲ್ಲ. ನ್ಯೂಜೆರ್ಸಿಯ ಹೈವೇ ಪಕ್ಕದ ಒಂದು ಸಣ್ಣ ಕಂಪನಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಾಹಕರಿಂದ ಎರವಲು ತಂದು, ಅವುಗಳ ಹಾಡನ್ನು ಡಿಜಿಟಲ್ ಟೇಪಿಗೆ ಇಳಿಸಿ ಸೀಡಿ ಮಾಡಿಸುತ್ತಿತ್ತು. ಇವರ ಮೊದಲ ನೌಕರಿ ಅಲ್ಲಿ. ಹವಾಯಿಗೆ ಪ್ರವಾಸ ಹೋಗಿ ಬಂದವರೆಲ್ಲ ಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ ಮಾಲೀಕ ಹವಾಯಿ ಸಂಗೀತದ ಸೀಡಿಗೆ ಕೈಹಾಕಿದ. ಇವರಿಗೋ ಸಂಭ್ರಮ. ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಹವಾಯನ್ ಗಿಟಾರಿನ ಮೇಲೆ ಸಿನಿಮಾ ಹಾಡು ಕೇಳಿ ಬೆಳೆದವರು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿದರೆ ಸಾಕು, ಇವರ ಕಣ್ಣು ಮುಚ್ಚುತ್ತಿತ್ತು.

“ಹದಿನಾಲ್ಕನೇ ಹಾಡು ಒಬ್ಬ ಹೆಂಗಸಿಂದು,” ಎಂದರು ಹುಡುಗಿಗೆ. “ಹಳೇ ತಟ್ಟೆಗಳೆಲ್ಲ ಒಂದೇ ಸ್ಪೀಡಲ್ಲಿ ರೆಕಾರ್ಡ್ ಆಗಿರ್ತಿರಲಿಲ್ಲಮ್ಮ. ಇದು ನಿಧಾನಕ್ಕೆ ತಿರುಗಬೇಕಾದ್ದು. ನಾವು ಜೋರಾಗಿ ತಿರುಗಿಸಿದ್ವಿ. ಶ್ರುತಿ ಮೇಲೆ ಹೋಯ್ತು, ದೊಡ್ಡ ಹೆಂಗಸಿನ ಗಂಟಲು ಚಿಕ್ಕ ಹುಡುಗಿ ಗಂಟಲಾಯ್ತು. ಬಾಸ್‌ಗೆ ಹೇಳ್ದೆ. ನಾಲ್ಕು ಗಂಟೆಗೆ ಟೇಪ್ ಒಯ್ಯಕ್ಕೆ ಕೊರಿಯರ್ ಬರತ್ತೆ, ಸೀಡಿ ಅಂದ್ರೆ ಹೀಗೇ ಹೊಳೀಬೇಕು, ಬಿಡು ಅಂದ.”

“ಆಮೇಲೆ?”

“ಬಿಟ್ಟೆ.”

ಸೀಡಿ ಮಾರುಕಟ್ಟೆಗೆ ಬಂದ ಕೆಲವು ತಿಂಗಳಿಗೆ ಕಂಪನಿಗೊಂದು ಕೈಬರಹದ ಪತ್ರ ಬಂತಂತೆ. ಹದಿನಾಲ್ಕನೆಯ ಹಾಡು ನನ್ನ ತಾಯಿಯದು, ಆದರೆ ಅದು ನನ್ನ ತಾಯಿಯ ಧ್ವನಿಯಲ್ಲ, ದಯವಿಟ್ಟು ಸರಿಪಡಿಸಿ ಎಂದು. ಮಾಲೀಕ ಅದನ್ನು ಕಸದ ಬುಟ್ಟಿಗೆ ಎಸೆದ. ಇವರು ಎತ್ತಿಕೊಂಡರು. ಮೂವತ್ತೈದು ವರ್ಷ ಮೀರಿ ನಮ್ಮ ಮನೆಯ ಯಾವುದೋ ಫೈಲಿನಲ್ಲಿ ಆ ಪತ್ರ ಇತ್ತು. ನನಗೆ ಅದರ ಸುಳಿವು ಸಿಕ್ಕಿದ್ದು, ಕಣ್ಣಿನ ಆಪರೇಷನ್ನಿಗೆ ಮುಂಚೆ ಇವರು ಕಾಗದಪತ್ರ ಜೋಡಿಸಲು ಕೂತಾಗ. ಅಷ್ಟರಲ್ಲಾಗಲೇ ಇವರು ಪತ್ರದ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಅದೇ ಮನೆ, ಅದೇ ನಂಬರು, ಅದೇ ಹೆಂಗಸು ಎಂದು ಖಚಿತಪಡಿಸಿಕೊಂಡು, ಕಂಪ್ಯೂಟರಿನಲ್ಲಿ ಹಾಡನ್ನು ಐದು ಬೇರೆ ಬೇರೆ ವೇಗದಲ್ಲಿ ತಯಾರಿಸಿಟ್ಟಿದ್ದರು. ಒಂದನೆಯದು ಕಂಪನಿಯ ಹಳೆಯ ಸೀಡಿಯಲ್ಲಿದ್ದಂತೆಯೇ, ಐದನೆಯದು ಎಲ್ಲಕ್ಕಿಂತ ನಿಧಾನ. ಗಿಟಾರನ್ನು ಯಾವ ಶ್ರುತಿಗೆ ಕಟ್ಟಿದ್ದರೆಂದು ಗೊತ್ತಿಲ್ಲದೆ ಬರೀ ಲೆಕ್ಕದಿಂದ ನಿರ್ಧರಿಸುವಂತಿಲ್ಲವಂತೆ. ಆ ಕಂಠ ನೆನಪಿರುವವರೇ ಹೇಳಬೇಕಂತೆ. ಪತ್ರ ಬರೆದ ಆ ಮುದುಕಿಯ ಹತ್ತಿರ ಸ್ಮಾರ್ಟ್‌ಫೋನೂ ಇಲ್ಲ, ಕೆಲಸ ಮಾಡುವ ಪ್ಲೇಯರೂ ಇಲ್ಲ.

ಹುಡುಗಿ ತನ್ನ ಸ್ಟೇಷನ್ ಬಂತೆಂದು ಎದ್ದಳು. “ಆಲ್ ದ ಬೆಸ್ಟ್ ಅಂಕಲ್. ಆಂಟಿ, ನೀವು ತುಂಬಾ ಪೇಷಂಟ್,” ಎಂದಳು. ಆ ದಿನ ನನ್ನ ಬಗ್ಗೆ ಒಳ್ಳೆಯ ಮಾತಾಡಿದವಳು ಅವಳೊಬ್ಬಳೇ.

ಹಿಕ್ಸ್‌ವಿಲ್ಲಿನಲ್ಲಿ ಇಳಿದಾಗ ಹನ್ನೊಂದೂವರೆ. ಪ್ಲಾಟ್‌ಫಾರಂ ಎತ್ತರದಲ್ಲಿದೆ, ಗಾಳಿ ಮುಖಕ್ಕೆ ಹೊಡೆಯುತ್ತದೆ. ಸ್ಟೇಷನ್ನಿನ ಹತ್ತಿರವೇ ನಮ್ಮವರ ಅಂಗಡಿಗಳು: ಸೀರೆ, ಬಂಗಾರ, ಮಿಠಾಯಿ, ಕಿರಾಣಿ. ಒಂದು ಬಿಸಿ ಚಹಾ ಕುಡಿದು ಹೋಗೋಣ ಎಂದರೆ ಇವರು ಕೇಳಲಿಲ್ಲ. ಟ್ಯಾಕ್ಸಿ ಬೇಡ, ನಕ್ಷೆಯಲ್ಲಿ ಒಂದೇ ಮೈಲಿ ಎಂದರು. ಇವರ ಹೊಸ ಕಣ್ಣು ನಕ್ಷೆಯ ಉತ್ತರ ದಕ್ಷಿಣವನ್ನು ಇನ್ನೂ ಕಲಿತಿರಲಿಲ್ಲ. ಒಂದು ಮೈಲಿ ನಡೆದ ಮೇಲೆ ಮತ್ತೆ ಸ್ಟೇಷನ್ನೇ ಎದುರಾಯಿತು.

“ರೀ, ಇದು ಬಂದ ದಾರೀನೇ ಅದ.”

“ಬೇರೆ ಸ್ಟೇಷನ್ ಇರಬೇಕು.”

“ಹಿಕ್ಸ್‌ವಿಲ್ ಅಂತ ಬೋರ್ಡ್ ಅದ ಅಲ್ರೀ!”

ಟ್ಯಾಕ್ಸಿ ಹಿಡಿದೆವು. ಐದು ನಿಮಿಷದ ದಾರಿ. ಎಲ್ಲ ಮನೆಗಳಂತೆಯೇ ಇದ್ದ ಒಂದು ತಗ್ಗುಸೂರಿನ ಮನೆ. ಬಾಗಿಲು ತೆರೆದವರು ಎತ್ತರದ ಹೆಂಗಸು. ಬೆಳ್ಳಿಗೂದಲನ್ನು ಎತ್ತಿ ಕಟ್ಟಿದ್ದರು, ಕಾಲಿಗೆ ಗಂಡಸರ ಉಣ್ಣೆಯ ಸಾಕ್ಸು. ಹೆಸರು ಲೇಲಾನಿ. ಅವರ ತಾಯಿ ಮ್ಯಾನ್‌ಹಟನ್ನಿನ ಹೋಟೆಲೊಂದರಲ್ಲಿ ಹವಾಯಿ ಹಾಡು ಹಾಡಲು ಹೊನಲುಲುವಿನಿಂದ ಬಂದು ಹಲವು ವರ್ಷ ಇಲ್ಲೇ ಉಳಿದವರು. ಲೇಲಾನಿ ಹುಟ್ಟಿದ್ದೂ ಇಲ್ಲೇ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ದಕ್ಕಿದಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹತ್ತು ಗಂಟೆಗೆ ಬರುತ್ತೇನೆ ಎಂದಿರಿ,” ಎನ್ನುವುದೇ ಅವರ ಮೊದಲ ಮಾತು. ನನಗೆ ಕೂಡಲೇ ಇಷ್ಟವಾದರು.

ಇವರು ಊಟದ ಮೇಜಿನ ಮೇಲೆ ಪ್ಲೇಯರ್ ಇಟ್ಟು ಒಂದನೆಯ ಸೀಡಿ ಹಾಕಿದರು. ಸೀಡಿ ಗಿರ್ರೆಂದು ತಿರುಗಿ ನಿಂತಿತು. ಪುಟ್ಟ ಪರದೆಯ ಮೇಲೆ ‘ಸೀಡಿ ಇಲ್ಲ’ ಎಂದು ಬಂತು. ಎರಡನೆಯದು: ‘ಸೀಡಿ ಇಲ್ಲ’. ಇವರ ಮುಖ ಬಿಳಿಚಿತು. ಚಳಿಯಲ್ಲಿ ತಂಪಾದ ಪ್ಲೇಯರನ್ನು ಬೆಚ್ಚನೆಯ ಕೋಣೆಗೆ ತಂದದ್ದರಿಂದ ಒಳಗಿನ ಲೆನ್ಸಿನ ಮೇಲೆ ಮಂಜು ಕೂತಿತ್ತು. ಅರ್ಧ ಗಂಟೆಯಾದರೂ ಕಾಯಬೇಕು ಎಂದರು. ರಸ್ತೆ ತಪ್ಪಿ ಮೈಲಿ ಸುತ್ತಿದ್ದರ ಫಲ ಎಂದು ನಾನು ಕನ್ನಡದಲ್ಲಿ ಹೇಳಿದೆ. “ಇರು ಮಾರಾಯ್ತಿ,” ಎಂದರು.

ಆ ಅರ್ಧ ಗಂಟೆ ಲೇಲಾನಿ ಸುಮ್ಮನಿರಲಿಲ್ಲ. ಕಪಾಟಿನಿಂದ ಹಳೆಯ ಸೀಡಿ ತಂದು ಮೇಜಿನ ಮೇಲಿಟ್ಟರು. ಮುಖಪುಟದಲ್ಲಿ ತೆಂಗಿನಮರ, ಕುಣಿಯುವ ಹೆಣ್ಣು.

“ಈ ಹುಡುಗಿ ಹವಾಯಿಯವಳೇ ಅಲ್ಲ. ಒಳಗೆ ನನ್ನ ಅಮ್ಮನ ಹೆಸರೇ ಇಲ್ಲ. ನಮ್ಮ ಮನೆಯಲ್ಲಿದ್ದ ತಟ್ಟೆ ಒಡೆದುಹೋಗಿ ಎಷ್ಟೋ ವರ್ಷವಾಗಿತ್ತು. ಇದು ಬಂತೆಂದು ಓಡಿಹೋಗಿ ಕೊಂಡೆ. ಹಾಕಿದರೆ ಯಾರೋ ಮಗು ಹಾಡುತ್ತಿದೆ. ಪತ್ರ ಬರೆದೆ. ನೀವು ಓದಿದಿರಾ?”

“ಓದಿದೆ.”

“ಆಗಲೇ?”

“ಆಗಲೇ.”

“ಉತ್ತರ ಏಕೆ ಬರೆಯಲಿಲ್ಲ?”

ಇವರು ಮೇಜುಬಟ್ಟೆಯ ಅಂಚನ್ನು ನೋಡುತ್ತ, “ನನ್ನ ವೀಸಾ ಆ ಕಂಪನಿಯ ಕೈಯಲ್ಲಿತ್ತು. ಹೆದರಿದೆ,” ಎಂದರು.

“ವೀಸಾ ಎಷ್ಟು ವರ್ಷ?”

“ಐದಾರು ವರ್ಷಕ್ಕೆ ಗ್ರೀನ್ ಕಾರ್ಡ್ ಬಂತು.”

“ಮಿಕ್ಕ ಮೂವತ್ತು ವರ್ಷ?”

ಇವರು ಪ್ಲೇಯರಿನ ಮುಚ್ಚಳ ತೆರೆದು ಮತ್ತೆ ಮುಚ್ಚಿದರು. ಬೆಳಗಿನಿಂದ ಇವರನ್ನು ಬೈಯುತ್ತ ಬಂದವಳು ನಾನೇ. ಆದರೂ ಬೇರೆಯವರು ಬೈದಾಗ ಅದೇಕೋ ಸಹಿಸಲಾಗಲಿಲ್ಲ. ಚೀಲ ಬಿಚ್ಚಿ ಚಪಾತಿ ಹೊರಗಿಟ್ಟೆ. ಲೇಲಾನಿ ಶೇಂಗಾ ಚಟ್ನಿಯನ್ನು ಬೆರಳಿನಿಂದ ನೆಕ್ಕಿ ನೋಡಿ, ಎರಡು ಚಪಾತಿ ತಿಂದು, ಕೆಮ್ಮಿ, ನೀರು ಕುಡಿದು, ಮೂರನೆಯದಕ್ಕೆ ಕೈಚಾಚಿದರು. “ಹಾಡನ್ನು ಇದ್ದ ಹಾಗೇ ಕೇಳುತ್ತ ಬಂದೆ,” ಎಂದರು ತಿನ್ನುತ್ತಲೇ. “ಬೇರೇನೂ ಇರಲಿಲ್ಲವಲ್ಲ. ನನ್ನ ಮೊಮ್ಮಕ್ಕಳಿಗೆ ಮುತ್ತಜ್ಜಿ ಅಂದರೆ ಆ ಕೀಚಲು ಧ್ವನಿಯೇ.”

ಒಂದೂವರೆಗೆ ಪ್ಲೇಯರ್ ಒಲಿಯಿತು. ಗಿಟಾರ್ ಜಾರಿ ಬಂತು, ಹಿಂದೆಯೇ ಹಾಡು. ಒಂದನೆಯದಕ್ಕೆ ಲೇಲಾನಿ ಕೈಬೀಸಿ ನಿಲ್ಲಿಸಿದರು. ಎರಡನೆಯದಕ್ಕೆ ತಲೆ ಓರೆ ಮಾಡಿ, “ಅಲ್ಲ,” ಎಂದರು. ಮೂರನೆಯದು, ಅಲ್ಲ. ನಾಲ್ಕನೆಯದನ್ನು ಪೂರ್ತಿ ಕೇಳಿ, ಮುಂದಿನದು ಎಂದು ಬೆರಳು ಆಡಿಸಿದರು. ಐದನೆಯದು ಶುರುವಾಗಿ ಎರಡು ಸಾಲು ಆಗುವಷ್ಟರಲ್ಲಿ ಅವರ ಕೈ ಮೇಜಿನ ಮೇಲೆ ಚಪ್ಪಟೆಯಾಗಿ ನಿಂತಿತು. ಕಂಠ ತುಂಬಿಕೊಂಡು, ಭಾರವಾಗಿ, ಅಡುಗೆಮನೆಯಿಂದ ಬಂದಂತೆ ಬರುತ್ತಿತ್ತು. ನನಗೆ ಆ ಭಾಷೆಯ ಒಂದು ಪದವೂ ತಿಳಿಯದು. ಆದರೂ ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಮರೆತೆ.

“ಇದು,” ಎಂದರು ಲೇಲಾನಿ. “ಇದು ಅಮ್ಮ.”

ಇವರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಲೇಲಾನಿ ಅಳಲಿಲ್ಲ. ಇನ್ನೊಮ್ಮೆ ಹಾಕಿ ಎಂದರು. ಮತ್ತೆ ಇನ್ನೊಮ್ಮೆ. ಮೂರು ಗಂಟೆಗೆ ನಾವು ಹೊರಟಾಗ ಪ್ಲೇಯರನ್ನೂ ಐದೂ ಸೀಡಿಗಳನ್ನೂ ಅಲ್ಲೇ ಬಿಟ್ಟೆವು. ಬಾಗಿಲಲ್ಲಿ ಲೇಲಾನಿ ಇವರ ಕೈ ಹಿಡಿದುಕೊಂಡು, “ತುಂಬ ತಡ ಮಾಡಿದಿರಿ,” ಎಂದರು. ಕೈ ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಸ್ಟೇಷನ್ನಿನ ಹತ್ತಿರ ಕೊನೆಗೂ ಚಹಾ ಸಿಕ್ಕಿತು. ಮಸಾಲೆ ದೋಸೆಯೂ ಸಿಕ್ಕಿತು. ಪಲ್ಯ ತಣ್ಣಗೆ, ಸಾಂಬಾರು ಪಾಯಸದಷ್ಟು ಸಿಹಿ. ಇವರು ಗಮನಿಸದೆ ತಿಂದರು. ಮ್ಯಾನ್‌ಹಟನ್ನಿನ ಗಾಡಿ ಹತ್ತಿದೆವು.

ಪೆನ್ ಸ್ಟೇಷನ್ನಿನಲ್ಲಿ ಬೋರ್ಡಿನ ಮೇಲೆ ನಮ್ಮ ಗಾಡಿಯ ಟ್ರ್ಯಾಕ್ ನಂಬರು ಬೀಳುತ್ತಿದ್ದಂತೆ ಜನ ಮೆಟ್ಟಿಲ ಕಡೆ ನುಗ್ಗಿದರು. ಆಗಲೇ ಇವರ ಫೋನ್ ರಿಂಗಾಗಬೇಕೇ? ಲೇಲಾನಿ. ಇವರು ನಡುದಾರಿಯಲ್ಲೇ ನಿಂತು ಸ್ಪೀಕರಿಗೆ ಹಾಕಿದರು.

“ಹೊನಲುಲುವಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಐದನ್ನೂ ಕೇಳಿಸಿದೆ,” ಎಂದರು ಅವರು ಸಿಟ್ಟಿನಿಂದ. “ಅವಳು ಎರಡನೆಯದೇ ಸರಿ ಅನ್ನುತ್ತಾಳೆ. ಈ ಹಾಡು ರೆಕಾರ್ಡ್ ಆದ ದಿನ ಸ್ಟುಡಿಯೋಗೆ ಅಮ್ಮನ ಜೊತೆ ಹೋಗಿದ್ದವಳು ಅವಳಂತೆ. ಆಗ ನಾನು ಹೊಟ್ಟೆಯಲ್ಲಿದ್ದೆನಂತೆ, ನನಗೇನು ಗೊತ್ತು ಅನ್ನುತ್ತಾಳೆ. ಅವಳಿಗೊಂದು ಎರಡನೆಯದನ್ನು ಕಳಿಸಿ. ಅವಳದು ತಪ್ಪು. ಆದರೂ ಕಳಿಸಿ.”

ವಿಳಾಸ ಬರೆದುಕೊಂಡು ಮುಗಿಸುವಾಗ ಬೋರ್ಡಿನಿಂದ ನಮ್ಮ ಗಾಡಿ ಮಾಯವಾಗಿತ್ತು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತೆ.

“ಅಕ್ಕ ಹೇಳಿದ್ದೇ ಸರಿ ಕಣೇ,” ಎಂದರು ಇವರು ಮೆಲ್ಲಗೆ. “ಎರಡನೇದೇ ಅಂತ ನನಗೂ ಅನ್ನಿಸಿತ್ತು, ಖಾತ್ರಿ ಇರಲಿಲ್ಲ ಅಷ್ಟೇ. ಐದನೇದು ತೀರಾ ನಿಧಾನ. ಸುಮ್ನೆ ಇರ್ಲಿ ಅಂತ ಸೇರಿಸಿದ್ದೆ. ಗಿಟಾರ್ ಆ ಥರಾ ನುಡಿಯೋದೇ ಇಲ್ಲ.”

“ಮತ್ತ ಅಲ್ಲೇ ಆಕಿಗೆ ಯಾಕ ಹೇಳಲಿಲ್ಲ?”

ಇವರು ವಿಳಾಸದ ಚೀಟಿಯನ್ನು ಎರಡಾಗಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟರು. “ಹೇಳ್ಬೇಕಿತ್ತಾ?” ಎಂದು ನನ್ನ ಮುಖ ನೋಡಿದರು.

ಬೆಳಗಿನಿಂದ ಬೈಯಲು ಪದಗಳಿಗೆ ಬರವಿರಲಿಲ್ಲ. ಈಗ ಒಂದೇ ಪದ ಬಂತು.

“ಬ್ಯಾಡ್ರಿ,” ಎಂದೆ.

ಮುಂದಿನ ಗಾಡಿಗೆ ಇನ್ನೂ ಒಂದು ಗಂಟೆ ಇತ್ತು.