ಕುದಿಸಿ ಕೊಟ್ಟ ಸ್ಯಾಂಪಲ್

ಮೆಲ್ಕಾರಿನಲ್ಲಿರುವ ನನ್ನ ಅಕ್ಕನ ಮನೆಯ ಬಾವಿ ನೀರು ಶುದ್ಧವಾಗಿದೆ ಎಂದು ಲ್ಯಾಬಿನಿಂದ ರಿಪೋರ್ಟ್ ಬಂದಿದೆ. ಎಲ್ಲರೂ ಖುಷಿಯಲ್ಲಿದ್ದಾರೆ. ನನಗೆ ಮಾತ್ರ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿದೆ.

ಆ ನೀರಿಗೆ ಪೆಟ್ರೋಲ್ ವಾಸನೆ. ಕೊಡಪಾನ ಮೇಲೆ ಬಂದ ಕೂಡಲೇ ಮೂಗಿಗೆ ಬಡಿಯುತ್ತದೆ. ಹೈವೇ ಬದಿಯ ನೆಲದೊಳಗೆ ಎಲ್ಲಿಂದ ಏನು ಸೋರುತ್ತಿದೆಯೋ, ಯಾರಿಗೆ ಗೊತ್ತು? ಅಕ್ಕನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ತೊಟ್ಟಿಲಲ್ಲಿ ಹಸುಗೂಸು. ಬಾಣಂತಿಗೂ ಮಗುವಿಗೂ ದಿನಾ ಹಂಡೆ ನೀರು ಕಾಯಿಸಿ ಸ್ನಾನ ಆಗಬೇಕು. ಹೆದರಿ, ಪಕ್ಕದ ಮನೆಯಿಂದ ನೀರು ಹೊತ್ತು ತರುತ್ತಿದ್ದರು. ಟೆಸ್ಟ್ ಮಾಡಿಸಿ ಎಂದವನು ನಾನೇ. (ಮೂಡುಬಿದಿರೆಯಲ್ಲಿ ಕುಳಿತು ಸಲಹೆ ಕೊಡುವುದಕ್ಕೆ ಏನು ಕಷ್ಟ?)

ಲ್ಯಾಬಿನವರು ಪುಟ್ಟ ಗಾಜಿನ ಬಾಟಲಿ ಕಳಿಸಿದರು. ತುಂಬಿ ತುಳುಕುವಂತೆ ತುಂಬಿಸಬೇಕು, ಒಂದು ಗಾಳಿಗುಳ್ಳೆಯೂ ಒಳಗಿರಬಾರದು, ಐಸ್‌ನಲ್ಲಿಟ್ಟು ಕಳಿಸಬೇಕು. ಅಕ್ಕ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಬಾಟಲಿಯನ್ನು ಬುಡಮೇಲು ಮಾಡಿ ಗುಳ್ಳೆ ಇಲ್ಲವೆಂದು ನನಗೆ ಫೋಟೋ ಬೇರೆ ಕಳಿಸಿದಳು.

ಪೆಟ್ರೋಲಿನಲ್ಲಿರುವ ವಿಷ, ಬೆಂಜೀನ್, ಪತ್ತೆಯಾಗಿಲ್ಲ ಎಂಬ ರಿಪೋರ್ಟ್ ನೋಡಿ ನನಗೆ ಅನುಮಾನ ಬಂತು. ಫೋನ್ ಮಾಡಿದೆ.

"ಬಾವಿಯಿಂದ ಸೇದಿದ ನೀರನ್ನೇ ತುಂಬಿಸಿದ್ದಲ್ವಾ ಅಕ್ಕ?"

"ಛೆ! ಹೊರಗಿನವರಿಗೆ ಹಸಿ ನೀರು ಕೊಡ್ಲಿಕ್ಕುಂಟಾ ಮಾರಾಯ? ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿಯೇ ಕೊಟ್ಟದ್ದು."

ನಮ್ಮ ಕಡೆ ಯಾವ ಮನೆಯಲ್ಲಿ ಬಂದವರ ಕೈಗೆ ಹಸಿ ನೀರು ಕೊಡುತ್ತಾರೆ ಹೇಳಿ? ಲ್ಯಾಬಿನವರಿಗೂ ಅದೇ ಮರ್ಯಾದೆ.

ಲ್ಯಾಬಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಲ್ಲಿನ ಹೆಂಗಸು ನಿಟ್ಟುಸಿರಿಟ್ಟರು. "ಸರ್, ನಾವು ಹುಡುಕುವುದೇ ಹಾರಿಹೋಗುವ ವಸ್ತುವನ್ನು. ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ನೀರು ಬಿಸಿ ಮಾಡಿ, ಮೇಲೆ ಬಂದ ಆವಿಯನ್ನು ಸೂಜಿಯಲ್ಲಿ ಎಳೆದು ಮಿಷನ್‌ಗೆ ಕೊಡ್ತೇವೆ. ನಿಮ್ಮ ಅಕ್ಕ ಅದನ್ನು ಅಡುಗೆಮನೆಯಲ್ಲೇ ಹಾರಿಸಿಬಿಟ್ಟಿದ್ದಾರೆ."

ಹಾರಿ ಹೋದದ್ದು ಅಕ್ಕನ ಮೂಗಿಗೆ ತಾನೇ? ರಿಪೋರ್ಟ್ ಬಂದ ಮೇಲೆ ಪಕ್ಕದ ಮನೆಯ ನೀರು ತರುವುದನ್ನೂ ನಿಲ್ಲಿಸಿದ್ದಾರೆ. ಶೀತಗಾಳಿ ತಾಗಬಾರದೆಂದು ಬಚ್ಚಲಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಆ ಹಬೆಯೊಳಗೆ ಕೂಸನ್ನು ಮೀಯಿಸುತ್ತಾರೆ.

ಇನ್ನೊಮ್ಮೆ ಟೆಸ್ಟ್ ಮಾಡಿಸುವ ಎಂದು ಅಕ್ಕನಿಗೆ ಫೋನ್ ಮಾಡಿದೆ. ಭಾವ ಫೋನ್ ತೆಗೆದುಕೊಂಡರು. "ನಮ್ಮ ಬಾವಿ ಕೆಟ್ಟದ್ದು ಅಂತ ಊರಿಡೀ ಸುದ್ದಿ ಆಗಿತ್ತು. ಈಗ ಬಾಯಿ ಮುಚ್ಚಿದ್ದಾರೆ. ನೀನು ಕೆದಕಬೇಡ."

"ಭಾವ, ಕುದಿಸಿದ್ದಕ್ಕೆ ವಿಷ ಹಾರಿಹೋಗಿದೆ!"

"ಹಾಗಾದ್ರೆ ಒಳ್ಳೆಯದೇ ಆಯ್ತಲ್ಲ. ನಾವು ಕುದಿಸದೆ ಕುಡಿಯುವುದುಂಟಾ?"

ಹಾರಿದ್ದು ಬಚ್ಚಲಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕಿರುಚಿದೆ. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ರಿಪೋರ್ಟಿನ ಫೋಟೋ ಪಂಚಾಯತ್ ಸದಸ್ಯರಿಗೂ ಹೋಗಿದೆಯಂತೆ. ಹೈವೇ ಬದಿಯ ಬೇರೆ ಬಾವಿಗಳಲ್ಲೂ ವಾಸನೆ ಎಂದು ದೂರು ಕೊಟ್ಟವರಿಗೂ ಈಗ ಅದೇ ಉತ್ತರ. ನಾನು ಕಂಡ ಕಂಡವರಿಗೆ ಹೇಳಿ ಸುಸ್ತಾಗಿದ್ದೇನೆ. ಸೀಲು ಹಾಕಿದ ಕಾಗದದ ಎದುರು ನನ್ನ ಮಾತನ್ನು ಯಾರು ಕೇಳುತ್ತಾರೆ?

ನಿನ್ನೆ ಅಕ್ಕನನ್ನೇ ಕೇಳಿದೆ, ವಾಸನೆ ಹೋಗಿದೆಯಾ ಎಂದು.

"ಇಲ್ಲ ಮಾರಾಯ, ವಾಸನೆ ಹಾಗೆಯೇ ಉಂಟು. ಆದ್ರೆ ಹೆದರಿಕೆ ಹೋಗಿದೆ."

ಹೋಗಬೇಕಾಗಿದ್ದದ್ದು ಹೆದರಿಕೆಯಾ?