ಒಳ್ಳೆಯ ಕೆಲಸದ ನೋಟ್‌ಬುಕ್ಕು

ಇವತ್ತು ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಎರಡು ಹಂಡೆ ತುಂಬಿದೆ, ಹನ್ನೆರಡು ರೊಟ್ಟಿ ಬಡಿದೆ, ಅತ್ತೆಯವರ ಕಣ್ಣಿಗೆ ಔಷಧಿ ಹಾಕಿದೆ, ಯಜಮಾನರ ಟ್ರಾನ್ಸಿಸ್ಟರಿಗೆ ಸೆಲ್ ಬದಲಿಸಿದೆ, ಹಣೆಗೆ ವಿಭೂತಿ ಹಚ್ಚಿಕೊಂಡು ಸತ್ಯನಾರಾಯಣಪೇಟೆಯಿಂದ ಕಾನ್ವೆಂಟಿಗೆ ನಡೆದು ಒಂಬತ್ತನೇ ತರಗತಿಯ ಹುಡುಗಿಯರಿಗೆ ಯೇಸುಸ್ವಾಮಿ ಹೇಳಿದ ಕಥೆಯೊಂದನ್ನು ಬೋಧಿಸಿದೆ. ನೀವು ಹುಬ್ಬೇರಿಸಬೇಡಿ, ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಬಿಡುವಾಗಿದ್ದವಳು ನಾನೊಬ್ಬಳೇ. ನೀತಿಬೋಧೆಗೆ ನನಗಿರುವ ಅರ್ಹತೆ ಅಷ್ಟೇ.

ನಮ್ಮ ಶಾಲೆಯಲ್ಲಿ ಪ್ರತಿ ಹುಡುಗಿಗೂ ಒಳ್ಳೆಯ ಕೆಲಸದ ನೋಟ್‌ಬುಕ್ಕೊಂದಿದೆ. ವಾರಕ್ಕೊಂದು ಪುಣ್ಯ ಬರೆದು ನನ್ನ ರುಜು ಪಡೆಯಬೇಕು; ಸತತ ಮೂರು ವಾರ ಪುಣ್ಯವಿಲ್ಲದಿದ್ದರೆ ಮನೆಗೆ ಕಾಗದ ಹೋಗುತ್ತದೆ. ಹೀಗಾಗಿ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಕುರುಡ ಅಜ್ಜ ಅವತರಿಸಿದ್ದಾನೆ. ಮೂವತ್ತೇಳು ಹುಡುಗಿಯರು ವಾರವಾರವೂ ಅವನನ್ನು ರಸ್ತೆ ದಾಟಿಸುತ್ತಾರೆ. ಅವನಿಗೆ ಯಾವ ಕಡೆ ಹೋಗಬೇಕಿತ್ತೆಂದು ಯಾರೂ ಕೇಳಿದಂತಿಲ್ಲ. ಪರೋಪಕಾರವು ಹೀಗೆ ಪರಸ್ಪರ ನಕಲಾಗುತ್ತಿದ್ದರೂ ನಾನು ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆಯುತ್ತಲೇ ಬಂದೆ.

ಮೂವತ್ತೆಂಟನೆಯವಳು ಸಿರುಗುಪ್ಪದ ಕಡೆಯ ರಾರಾವಿಯಿಂದ ಬಂದು ಹಾಸ್ಟೆಲ್ಲಿನಲ್ಲಿರುವ ನಾಗವೇಣಿ. ಅವಳು ಮೂರನೇ ವಾರವೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಈ ವಾರ ಒಳ್ಳೆಯ ಕೆಲಸ ಮಾಡಲಿಲ್ಲ.’ ಶಾಲೆಯಿಂದ ಇನ್ನೊಂದು ದೂರು ಬಂದರೆ ಓದು ಬಿಡಿಸಿ ಗಂಡು ನೋಡುತ್ತೇನೆಂದು ಅವಳಪ್ಪ ಹೋದ ಸಲವೇ ನನ್ನೆದುರು ಹೇಳಿ ಹೋಗಿದ್ದ.

“ಏಳು ದಿನದಾಗ ಒಂದೂ ಒಳ್ಳೆ ಕೆಲಸ ಸಿಗಲಿಲ್ಲೇನಲೇ?”

“ಸಿಕ್ಕಿತ್ರಿ ಮಿಸ್. ಮಾಡಾಕ ಮನಸಿರಲಿಲ್ಲ.”

“ಎಲ್ಲಾರಂಗ ಒಂದು ಸಾಲು ಬರದು ಒಗಿಬಾರದೇನು?”

“ಆ ಮುದುಕನ್ನ ಇನ್ನೆಷ್ಟು ಸಲ ದಾಟಸೂದ್ರಿ? ಅವಗೂ ಕಾಲು ನೋಯ್ತಾವು.”

ನಗು ನುಂಗಿ ಪಾಠ ತೆಗೆದೆ. ಗುಡಿಗೆ ಇಬ್ಬರು ಪ್ರಾರ್ಥನೆಗೆ ಹೋದರಂತೆ. ಒಬ್ಬ ತನ್ನ ಪುಣ್ಯದ ಪಟ್ಟಿ ಓದಿದ. ಇನ್ನೊಬ್ಬ, ಸುಂಕ ವಸೂಲಿ ಮಾಡುವವನು, ನಾನು ಪಾಪಿ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ದೇವರು ಮೆಚ್ಚಿದ್ದು ಎರಡನೆಯವನನ್ನು. ಇಷ್ಟು ಹೇಳಿ ಪುಸ್ತಕ ಮುಚ್ಚಿದೆ. ದೇವರು ದಾಟಿಸಿದವನಂತೆಯೇ ನಿಜ ಹೇಳಿದವಳನ್ನು ನಾನು ಫೇಲು ಮಾಡಲು ಹೊರಟಿದ್ದೆನಲ್ಲ!

ಗಂಟೆ ಬಾರಿಸಿದೊಡನೆ ಮಂಗಳೂರು ಕಡೆಯ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೇಳಿದರು:

“ನಾಗವೇಣಿಯ ತಂದೆಗೆ ಕಾಗದ ಬರೆದಾಯ್ತಾ ಟೀಚರ್?”

“ಇಲ್ಲ ಸಿಸ್ಟರ್. ಬರೆಯೂದಾದ್ರ ಆ ಸುಂಕದವನ ಅಪ್ಪಗೂ ಒಂದು ಬರೀಬೇಕಾಕ್ಕೈತಿ. ಅವನ ಪಟ್ಟಿನೂ ಖಾಲೀನ ಇತ್ತು.”

ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಿಮ್ಮ ಕೈಗೆ ಬೈಬಲ್ ಕೊಟ್ಟದ್ದೇ ನನ್ನ ತಪ್ಪು ಮಾರಾಯ್ತಿ,” ಎಂದು ನಕ್ಕುಬಿಟ್ಟರು. “ಕಾಗದ ಬೇಡ.”

ಗೇಟಿನ ಬಳಿ ನಾಗವೇಣಿ ಕಾದಿದ್ದಳು. ಕಾಗದ ಹೋಗುವುದಿಲ್ಲವೆಂದೆ. ಅವಳ ಮುಖ ಒಂದು ಕ್ಷಣ ಅಳುವಂತಾಗಿ, ಕೂಡಲೇ ಹಳೆಯ ಹಟಕ್ಕೆ ಮರಳಿತು.

“ಹಂಗಾರ ಈ ವಾರದ ಪುಣ್ಯ ನೀವ ಬರಕೊಳ್ರಿ ಮಿಸ್,” ಎಂದು ಓಡಿದಳು.

ಬರೆದುಕೊಳ್ಳಲಿಲ್ಲ. ರಾತ್ರಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಹಚ್ಚಿಕೊಂಡು ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ಉಂಡೆ. ಮುಸುರೆ ಪಾತ್ರೆಗಳನ್ನು ಹಾಗೆಯೇ ಬಿಟ್ಟು, ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಎಲ್ಲರಿಗಿಂತ ಮುಂಚೆ ನಾನೇ ಮಲಗಿದೆ.